‘ಶಲ್’ ಎಂಬ ಬಹುರೂಪಿ

ಇಂಗ್ಲೀಷು ಕಲಿಸುವ ಮಾಸ್ತರರನ್ನೂ ಇಂಗ್ಲೀಷಿನಲ್ಲಿ ವಾದಿಸುವ ವಕೀಲರನ್ನೂ ಸಮಸಮನಾಗಿ ಕಾಡಿದ ಶಬ್ದ ಯಾವುದೆಂದು ಯಾರಾದರೂ ಕೇಳಿದರೆ, ನಾವು ಹಿಂದುಮುಂದು ನೋಡದೆ ‘ಶಲ್’ ಎಂದು ಹೇಳುವೆವು. ಐದಕ್ಷರದ ಈ ಸಣ್ಣ ಶಬ್ದವು ಒಂದು ಕಡೆ ಭವಿಷ್ಯತ್ಕಾಲವನ್ನು ಸೂಚಿಸುವುದು, ಇನ್ನೊಂದು ಕಡೆ ಪ್ರತಿಜ್ಞೆಯನ್ನು ನುಡಿಯುವುದು, ಮತ್ತೊಂದು ಕಡೆ ಆಜ್ಞೆ ಮಾಡುವುದು. ಒಮ್ಮೊಮ್ಮೆ ‘ಬಾಗಿಲು ತೆರೆಯಲೇ?’ ಎಂದು ವಿನಯದಿಂದ ಅಪ್ಪಣೆ ಕೇಳುವುದೂ ಉಂಟು. ಕಾವ್ಯದಲ್ಲಿ ಇಂಥ ಶಬ್ದವು ಭೂಷಣವೆನಿಸೀತು. ಆದರೆ ಪ್ರಜೆಯ ಹೊಲ, ಮನೆ, ಉದ್ಯೋಗಗಳು ಯಾವ ಶಬ್ದದ ಅರ್ಥವನ್ನು ನೆಚ್ಚಿ ನಿಂತಿವೆಯೋ, ಆ ಶಬ್ದಕ್ಕೆ ಬಹುರೂಪಿಯ ವೇಷವು ಒಪ್ಪುವುದೆ?

ಈ ಶಬ್ದದ ಮೂಲಾರ್ಥವು ಋಣ. ಹಳೆಯ ಇಂಗ್ಲೀಷಿನಲ್ಲಿ ಇದರ ಪೂರ್ವರೂಪಕ್ಕೆ ‘ಸಲ್ಲಿಸಬೇಕಾಗಿದೆ’, ‘ಸಾಲವಿದೆ’ ಎಂಬ ಅರ್ಥಗಳಿದ್ದವು. ಸಾಲ, ಅಪರಾಧ ಎರಡನ್ನೂ ಹೇಳುವ ಜರ್ಮನ್ ಭಾಷೆಯ ‘ಶುಲ್ಡ್’ ಎಂಬುದು ಇದರ ದಾಯಾದಿಯೇ. ಋಣದಿಂದ ಕರ್ತವ್ಯವೂ, ಕರ್ತವ್ಯದಿಂದ ಮುಂದೆ ನಡೆಯತಕ್ಕ ಸಂಗತಿಯೂ ಹುಟ್ಟಿದುದು ಸಹಜವೇ ಸರಿ. 1653ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞನು ಲ್ಯಾಟಿನ್ ಭಾಷೆಯಲ್ಲಿ ಇಂಗ್ಲೀಷಿನ ವ್ಯಾಕರಣವನ್ನು ಬರೆದು ಒಂದು ಕಟ್ಟಳೆಯನ್ನು ಹಾಕಿದನು: ಉತ್ತಮ ಪುರುಷದಲ್ಲಿ ‘ಶಲ್’ ಎಂದರೆ ಬರಿಯ ಭವಿಷ್ಯತ್ತು; ಮಧ್ಯಮ, ಪ್ರಥಮ ಪುರುಷಗಳಲ್ಲಿ ವಾಗ್ದಾನ ಇಲ್ಲವೆ ಬೆದರಿಕೆ. ‘ವಿಲ್’ ಎಂಬುದರದು ಇದಕ್ಕೆ ತಲೆಕೆಳಗು. ಈ ಕಟ್ಟಳೆಗಾಗಿ ನಮ್ಮ ದೇಶದ ಎಷ್ಟು ತಲೆಮಾರಿನ ಹುಡುಗರು ಛಡಿಯೇಟು ತಿಂದರೆಂಬುದನ್ನು ನಮ್ಮ ವಾಚಕರು ಬಲ್ಲರು. ನೀರಿನಲ್ಲಿ ಮುಳುಗುತ್ತಿದ್ದ ಪರದೇಶಿಯೊಬ್ಬನು ಈ ಎರಡು ಶಬ್ದಗಳನ್ನು ಅದಲುಬದಲು ಮಾಡಿ, ‘ನಾನು ಮುಳುಗಿಯೇ ತೀರುವೆನು, ಯಾರೂ ನನ್ನನ್ನು ಉಳಿಸಕೂಡದು’ ಎಂಬರ್ಥ ಬರುವಂತೆ ಕೂಗಿದನೆಂದೂ, ದಂಡೆಯ ಮೇಲಿದ್ದ ಆಂಗ್ಲರು ಅವನ ಇಚ್ಛೆಯನ್ನು ಮನ್ನಿಸಿದರೆಂದೂ ಹಳೆಯದೊಂದು ವಿನೋದವಿದೆ. ದಕ್ಷಿಣ ಇಂಗ್ಲಂಡದಲ್ಲಿ ಹುಟ್ಟದವರಿಗೆ ಈ ಪ್ರಯೋಗವು ಕೈಗೆ ಹತ್ತುವುದು ದುರ್ಲಭವೆಂದು 1906ರಲ್ಲಿ ಫೌಲರ್ ಸಹೋದರರೇ ಬರೆದಿಟ್ಟರು. ಹಾಗಾದರೆ ಧಾರವಾಡದ ಹುಡುಗನ ತಪ್ಪೇನು!

ಶಾಲೆಯಲ್ಲಿ ಇದರಿಂದಾಗುವ ಹಾನಿ ಒಂದೆರಡು ಗುಣಗಳದು. ನ್ಯಾಯಾಸ್ಥಾನದ ಮಾತು ಬೇರೆ. ನಮ್ಮ ಸಂವಿಧಾನದ 320ನೆಯ ಅನುಚ್ಛೇದದಲ್ಲಿ, ಸರಕಾರಿ ನೌಕರರ ಶಿಸ್ತಿನ ಪ್ರಕರಣಗಳಲ್ಲಿ ಲೋಕಸೇವಾ ಆಯೋಗದೊಡನೆ ಸಮಾಲೋಚಿಸುವ ವಿಷಯಕ್ಕೆ ‘ಶಲ್’ ಎಂಬ ಶಬ್ದವಿದೆ. ಸಮಾಲೋಚನೆಯು ಸರಿಯಾಗಿ ನಡೆಯಲಿಲ್ಲವೆಂದು ಉತ್ತರ ಪ್ರದೇಶದ ನೌಕರನೊಬ್ಬನು ತಕರಾರು ಎತ್ತಿದಾಗ, ಇಲ್ಲಿ ಅದು ಕೇವಲ ನಿರ್ದೇಶಕವೇ ಹೊರತು ಕಡ್ಡಾಯವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ತೀರ್ಮಾನಿಸಿತು. ಅದೇ ಸಂವಿಧಾನದ 74ನೆಯ ಅನುಚ್ಛೇದದಲ್ಲಿ ಮಂತ್ರಿಮಂಡಲವು ಇರಬೇಕೆಂದು ಹೇಳುವುದಕ್ಕೂ ಅದೇ ಶಬ್ದ. ಲೋಕಸಭೆಯು ವಿಸರ್ಜನೆಯಾದ ಮೇಲೆ ಮಂತ್ರಿಮಂಡಲವಿಲ್ಲದೆ ರಾಷ್ಟ್ರಪತಿಗಳು ಆಳಬಹುದೆ ಎಂಬ ಪ್ರಶ್ನೆ ಬಂದಾಗ, ಇಲ್ಲಿ ‘ಶಲ್’ ಕಡ್ಡಾಯವೇ ಎಂದು ಅದೇ ನ್ಯಾಯಾಲಯವು 1971ರಲ್ಲಿ ಹೇಳಿತು. ಎರಡು ತೀರ್ಪುಗಳಿಗೂ ಸಾಕಷ್ಟು ಕಾರಣಗಳಿವೆ. ನ್ಯಾಯಮೂರ್ತಿಗಳನ್ನು ದೂರುವ ಉದ್ದೇಶ ನಮಗಿಲ್ಲ. ಕಾಯಿದೆಯ ಹೊತ್ತಗೆಯನ್ನು ಕೈಯಲ್ಲಿ ಹಿಡಿದ ಸಾಮಾನ್ಯ ಪ್ರಜೆಗೆ ಈ ಅಂತರವು ಕಾಣುವ ಬಗೆ ಹೇಗೆ ಎಂಬುದಷ್ಟೇ ನಮ್ಮ ಪ್ರಶ್ನೆ.

ದಿನನಿತ್ಯದ ದಾವೆಗಳಲ್ಲಿ ಇದರ ಪರಿಣಾಮವನ್ನು ನೋಡಿರಿ. ಸಮನ್ಸು ತಲುಪಿದ 30 ದಿನಗಳೊಳಗೆ ಪ್ರತಿವಾದಿಯು ಕೈಫಿಯತ್ತನ್ನು ಕೊಡಬೇಕು, ಏನಾದರೂ 90 ದಿನಗಳನ್ನು ಮೀರಬಾರದು ಎಂಬ ತಿದ್ದುಪಡಿಯು 2002ರಲ್ಲಿ ದಿವಾಣಿ ಪ್ರಕ್ರಿಯಾ ಸಂಹಿತೆಗೆ ಬಂದಿತು. ಶಬ್ದವು ‘ಶಲ್’, ನಿಷೇಧಕ್ಕೂ ಅದೇ. ಫಿರ್ಯಾದಿಗಳು ಸಂತೋಷಪಟ್ಟರು. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದು ಕಡ್ಡಾಯವಲ್ಲವೆಂದೂ, ಅಸಾಧಾರಣ ಸಂದರ್ಭಗಳಲ್ಲಿ 90 ದಿನಗಳ ಆಚೆಗೂ ಅವಕಾಶ ಕೊಡಬಹುದೆಂದೂ ಹೇಳಿತು. ಆಮೇಲೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯನ್ನು ಮಾಡಿದವರು ಜಾಣರಾದರು. 120 ದಿನಗಳು ಕಳೆದರೆ ಕೈಫಿಯತ್ತು ಕೊಡುವ ಹಕ್ಕೇ ನಷ್ಟವಾಗುವುದೆಂದು ಪರಿಣಾಮವನ್ನೇ ಬಾಯಿಬಿಟ್ಟು ಬರೆದರು. ವಾಣಿಜ್ಯ ದಾವೆಗಳಲ್ಲಿ ಆ ಗಡುವು ಕಡ್ಡಾಯವೆಂದು 2019ರಲ್ಲಿ ತೀರ್ಪಾಯಿತು. ಅಂದರೆ ಒಂದೇ ಶಬ್ದವು ಸಾಧಾರಣ ದಾವೆಯಲ್ಲಿ ಮೆತ್ತಗೆ, ವ್ಯಾಪಾರದ ದಾವೆಯಲ್ಲಿ ಗಟ್ಟಿ. ಗಟ್ಟಿತನವನ್ನು ತಂದುದು ‘ಶಲ್’ ಅಲ್ಲ, ತಪ್ಪಿದರೆ ಏನಾಗುವುದೆಂದು ತಿಳಿಸಿದ ಬೇರೆ ಮಾತುಗಳು.

ಈ ರೋಗವನ್ನು ಕಂಡ ಹೊರದೇಶಗಳವರು ಸುಮ್ಮನಿಲ್ಲ. ದಕ್ಷಿಣ ಆಫ್ರಿಕದ 1996ರ ಸಂವಿಧಾನವು ‘ಶಲ್’ ಅನ್ನು ಬಿಟ್ಟು ಕರ್ತವ್ಯಕ್ಕೆ ‘ಮಸ್ಟ್’ ಎಂಬ ಒಡೆದು ಹೇಳುವ ಶಬ್ದವನ್ನು ಹಿಡಿಯಿತು. ಇಂಗ್ಲಂಡ, ಆಸ್ಟ್ರೇಲಿಯಗಳ ಕರಡುಗಾರರೂ ಅದೇ ದಾರಿಯಲ್ಲಿದ್ದಾರೆ. ಅಮೇರಿಕದವರು ತಮ್ಮ ದಿವಾಣಿ ನಿಯಮಗಳನ್ನು 2007ರಲ್ಲಿ ಹೊಸದಾಗಿ ಬರೆದಾಗ ಈ ಶಬ್ದವನ್ನು ಕಿತ್ತುಹಾಕಿದರು. ಆದರೆ ವಿಚಾರಣೆಯಿಲ್ಲದೆ ತೀರ್ಪು ಕೊಡುವ 56ನೆಯ ನಿಯಮದಲ್ಲಿ ಬದಲಿಗೆ ಹಾಕಿದ ಶಬ್ದವು ಅರ್ಥವನ್ನೇ ಸಡಿಲಿಸಿತೆಂದು ಗದ್ದಲವೆದ್ದು, 2010ರಲ್ಲಿ ಅಲ್ಲಿ ‘ಶಲ್’ ಅನ್ನೇ ಮರಳಿ ತಂದು ಕೂರಿಸಿದರು! ಹೊರಹಾಕಿದ ಹಳೆಯ ಗುಮಾಸ್ತನನ್ನು, ಲೆಕ್ಕ ಅವನೊಬ್ಬನಿಗೇ ಗೊತ್ತೆಂದು ತಿರುಗಿ ಕರೆತಂದಂತಾಯಿತು.

ಇನ್ನು ಕನ್ನಡದ ಮಾತು. ನಮ್ಮ ಕಾಯಿದೆಗಳ ಕನ್ನಡದಲ್ಲಿ ‘ಶಲ್’ ಕಂಡಲ್ಲೆಲ್ಲ ‘ತಕ್ಕದ್ದು’ ಎಂದು ಬರೆಯುವ ರೂಢಿ ಬೇರೂರಿದೆ. ತಗು ಎಂಬ ಧಾತುವಿನಿಂದ ಬಂದ ಈ ಪದಕ್ಕೆ ‘ಯೋಗ್ಯವಾದದ್ದು’ ಎಂಬುದೇ ಮೂಲಾರ್ಥ. ಅಧಿಕಾರಿಯು ಮಾಡಬೇಕಾದ ಕೆಲಸಕ್ಕೆ ‘ಮಾಡತಕ್ಕದ್ದು’ ಎಂದರೆ ಒಪ್ಪೋಣ. ಆದರೆ ‘ಇದು ಕೂಡಲೇ ಜಾರಿಗೆ ಬರತಕ್ಕದ್ದು’ ಎಂಬಲ್ಲಿ ಯಾರು ಯಾರಿಗೆ ಆಜ್ಞೆ ಮಾಡಿದಂತಾಯಿತು? ‘ಮಂಡಲಿಯು ಒಂದು ನಿಗಮಿತ ನಿಕಾಯವಾಗಿರತಕ್ಕದ್ದು’ ಎಂದು ಬರೆದರೆ, ಮಂಡಲಿಯು ಹಾಗಿರಲು ಒಪ್ಪದಿದ್ದಾಗ ಶಿಕ್ಷೆ ಯಾರಿಗೆ? ಇವು ಆಜ್ಞೆಗಳಲ್ಲ, ಘೋಷಣೆಗಳು. ‘ಜಾರಿಗೆ ಬರುತ್ತದೆ’, ‘ನಿಕಾಯವಾಗಿರುತ್ತದೆ’ ಎಂದರೆ ಸಾಕು. ಎಲ್ಲಕ್ಕಿಂತ ಕೆಟ್ಟದ್ದು ‘ತಕ್ಕದ್ದಲ್ಲ’ ಎಂಬ ನಿಷೇಧ. ‘ಹೀಗೆ ಮಾಡತಕ್ಕದ್ದಲ್ಲ’ ಎಂದರೆ ಹಳ್ಳಿಯ ಹಿರಿಯನಿಗೆ ‘ಇದು ಶೋಭಿಸುವುದಿಲ್ಲ’ ಎಂಬ ಬುದ್ಧಿಮಾತಾಗಿ ಕೇಳಿಸುವುದು. ಅದರ ಬೆನ್ನಿಗೆ ಜೇಲು ಇದೆಯೆಂಬುದು ಅವನಿಗೆ ಹೊಳೆಯುವ ಬಗೆಯೇ ಇಲ್ಲ. ಗೋಡೆಯ ಮೇಲೆ ‘ಇಲ್ಲಿ ಉಗುಳಕೂಡದು’ ಎಂದು ಬರೆಯುವ ಪೇಂಟರನಿಗಿರುವ ಭಾಷಾಜ್ಞಾನವು ಕಾಯಿದೆಯ ಭಾಷಾಂತರಕಾರರಿಗೆ ಇರಬಾರದೆ?

ಇದಕ್ಕೊಂದು ಕಾರಣವಿದೆ. ಸಂವಿಧಾನದ 348ನೆಯ ಅನುಚ್ಛೇದದ ಪ್ರಕಾರ, ರಾಜ್ಯವು ತನ್ನ ಕಾಯಿದೆಯನ್ನು ಸ್ವಭಾಷೆಯಲ್ಲಿ ಮಾಡಿದರೂ, ರಾಜ್ಯಪಾಲರ ಅಧಿಕಾರದಿಂದ ಪ್ರಕಟವಾದ ಇಂಗ್ಲೀಷು ಭಾಷಾಂತರವು ಅಧಿಕೃತ ಪಾಠವೆನಿಸುವುದು. ವಿವಾದ ಬಂದಾಗ ನ್ಯಾಯಾಧೀಶರ ಕಣ್ಣು ಇಂಗ್ಲೀಷಿನ ಮೇಲೆ ಹೋಗುವುದೆಂದು ಬಲ್ಲ ಬರೆಹಗಾರನು ಕನ್ನಡವನ್ನು ಅದರ ನೆರಳಾಗಿ ಎಳೆಯುತ್ತಾನೆ. ನೆರಳಿಗೆ ಮೂಲದ ವಕ್ರತೆಯೆಲ್ಲ ಬರುತ್ತದೆ. ಆ ಅನುಚ್ಛೇದವನ್ನು ತಿದ್ದುವುದು ದೊಡ್ಡ ಕೆಲಸ, ದಿಲ್ಲಿಯ ಕೆಲಸ. ಆದರೆ ಹೊಣೆಗೆ ‘ಬೇಕು’, ನಿಷೇಧಕ್ಕೆ ‘ಕೂಡದು’, ಅಧಿಕಾರಕ್ಕೆ ‘ಬಹುದು’, ಘೋಷಣೆಗೆ ಸಾದಾ ಕ್ರಿಯಾಪದ ಎಂದು ವಿಂಗಡಿಸಿ ಬರೆಯುವುದಕ್ಕೆ ಬೆಂಗಳೂರಿನ ಅಪ್ಪಣೆಯೊಂದೇ ಸಾಕು. ಮುಂದಿನ ಅಧಿವೇಶನಕ್ಕೆ ಬರುವ ಮೊದಲನೆಯ ವಿಧೇಯಕದಿಂದಲೇ ಇದನ್ನು ಆರಂಭಿಸಬೇಕು. ಬೊಕ್ಕಸಕ್ಕೆ ಇದರಿಂದ ಕಾಸಿನ ಭಾರವೂ ಇಲ್ಲ.