ಹಳೇ ಕಾರಿಗೆ ದಿನಾ ನೀರು ತುಂಬಿದರೆ ಸಾಲದು, ಸೋರಿಕೆ ಹುಡುಕಿ

ಮೂಡಿಗೆರೆ: 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್ 1ರಂದು 600 ರೂ.ನಿಂದ 5,000 ರೂ.ಗೆ ಏರಿತ್ತು. ಅಷ್ಟು ಕಟ್ಟಿ ಮಾರುತಿ 800, ಆಮ್ನಿ ಉಳಿಸಿಕೊಂಡವರಿಗೆ ಕೂಲಂಟ್ ಸೋರಿಕೆ ಇನ್ನೊಂದು ತಲೆನೋವು. ಉಜಿರೆ ಕಡೆಯಿಂದ ಅಂಗಡಿ ಸಾಮಾನು ಹೇರಿಕೊಂಡು ಚಾರ್ಮಾಡಿ ಹತ್ತುವಾಗ ಎಂಜಿನ್ ಕಾದು ನಿಂತರೆ ಅವತ್ತಿನ ವ್ಯಾಪಾರ ಹೋದಂಗೇ.

ಹಲವರು ದಿನಾ ಬೆಳಗ್ಗೆ ಬೋರ್‌ವೆಲ್ ನೀರು ತುಂಬಿ ಹೊರಡ್ತಾರೆ. ಇದರಿಂದ ಸೋರಿಕೆ ನಿಲ್ಲಲ್ಲ. ಗಡಸು ನೀರಿನ ಲವಣ ರೇಡಿಯೇಟರ್ ಒಳಗೆ ಕಟ್ಟಿಕೊಳ್ಳುತ್ತೆ, ತುಕ್ಕೂ ಹಿಡಿಯುತ್ತೆ. ಎಂಜಿನ್ ಅತಿಯಾಗಿ ಕಾದರೆ ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಚಿಲ್ಲರೆ ಖರ್ಚಿನ ಕೆಲಸ ಆಗ ಸಾವಿರಗಟ್ಟಲೆಗೆ ಹೋಗುತ್ತೆ.

ಸಣ್ಣ ಸೋರಿಕೆ ಮನೆಯಲ್ಲೇ ಸರಿ ಮಾಡಬಹುದು. ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿಟ್ಟು, ಹಸಿರು ಅಥವಾ ಗುಲಾಬಿ ಹನಿ ಎಲ್ಲಿ ಬಿದ್ದಿದೆ ಅಂತ ಬೆಳಗ್ಗೆ ನೋಡಿ. ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ, ಕುದಿಯೋ ನೀರು ಮುಖಕ್ಕೆ ಚಿಮ್ಮುತ್ತೆ. ಹೋಸ್ ತುದಿ ಒದ್ದೆ ಇದ್ದರೆ ಕ್ಲಿಪ್ ಬಿಗಿ ಮಾಡಿ. ಹೋಸ್ ಬಿರುಕು ಬಿಟ್ಟಿದ್ದರೆ ಅದೇ ಅಳತೆಯ ಹೊಸದು ಹಾಕಿ. ನಂತರ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮ ಬೆರೆಸಿ ತುಂಬಿ. ರೆಡಿಮಿಕ್ಸ್ ಕೂಲಂಟ್ ಆದರೆ ನೀರು ಬೇಡ.

ವಾಟರ್ ಪಂಪ್ ಬಳಿ ಸೋರುತ್ತಿದ್ದರೆ, ಎಂಜಿನ್ ಆಯಿಲ್ ಹಾಲು ಬೆರೆತ ಕಾಫಿಯಂತೆ ಕಂಡರೆ, ಬಿಳಿ ಹೊಗೆ ನಿಲ್ಲದೇ ಬರುತ್ತಿದ್ದರೆ ಗಾಡಿ ಓಡಿಸದೆ ಮೆಕ್ಯಾನಿಕ್ ಕರೆಸಿ.

ಹಳೇ ಕೂಲಂಟನ್ನು ಚರಂಡಿಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ ಇರುತ್ತೆ, ಆದರೆ ವಿಷ. ನಾಯಿ, ದನ ನೆಕ್ಕಿದರೆ ಜೀವಕ್ಕೇ ಕುತ್ತು.