ಬಾಂಬು ಹುಡುಕಿದವರಿಗೆ ದೊರೆತ ಬೆಳಕು

ಚರಿತ್ರೆ ಓದುವವನಿಗೆ ಗ್ಯಾಮಾ ಕಿರಣಗಳ ಗೊಡವೆ ಏಕೆಂದು ಮಿತ್ರರು ಕೇಳಬಹುದು. ನನ್ನನ್ನು ಸೆಳೆದುದು ಕಿರಣಗಳಿಗಿಂತ ಹೆಚ್ಚಾಗಿ ಅವುಗಳ ದಾಖಲೆ.

1963ರಲ್ಲಿ ಅಮೆರಿಕ, ಸೋವಿಯೆತ್ ರಷ್ಯ, ಬ್ರಿಟನ್ ದೇಶಗಳು ವಾತಾವರಣದಲ್ಲಾಗಲಿ ಅಂತರಿಕ್ಷದಲ್ಲಾಗಲಿ ನೀರಿನಡಿಯಲ್ಲಾಗಲಿ ಅಣುಬಾಂಬನ್ನು ಪರೀಕ್ಷಿಸುವುದಿಲ್ಲವೆಂದು ಒಪ್ಪಂದ ಮಾಡಿಕೊಂಡವು. ಒಪ್ಪಂದವೇನೋ ಆಯಿತು, ನಂಬಿಕೆ ಎಲ್ಲಿಯದು? ಕದ್ದು ಸಿಡಿಸುವವರನ್ನು ಹಿಡಿಯಲು ಅಮೆರಿಕದವರು ವೇಲಾ ಎಂಬ ಉಪಗ್ರಹಗಳನ್ನು ಕಾವಲಿಟ್ಟರು. 1967ರ ಜುಲೈ 2ರಂದು ಅವುಗಳಿಗೆ ಗ್ಯಾಮಾ ಕಿರಣಗಳ ಒಂದು ಹೊಡೆತ ತಾಗಿತು. ಬಾಂಬಿನ ಲಕ್ಷಣ ಅದಕ್ಕಿರಲಿಲ್ಲ. ಆದರೂ ಆ ದಾಖಲೆಯನ್ನು ಎಸೆಯದೆ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ತೆಗೆದಿಟ್ಟರು. 1969ರಲ್ಲಿ ಕ್ಲೆಬೆಸಾಡೆಲ್ ಮತ್ತು ಓಲ್ಸನ್ ಅದನ್ನು ಬಿಚ್ಚಿ ಕುಳಿತರು. ಮುಂದೆ ಸ್ಟ್ರಾಂಗ್ ಎಂಬವರೂ ಸೇರಿ, ಬೇರೆ ಬೇರೆ ಉಪಗ್ರಹಗಳಿಗೆ ಕಿರಣ ತಲುಪಿದ ಕಾಲದ ಅಂತರವನ್ನು ಲೆಕ್ಕ ಹಾಕಿದರು. ಅದು ಭೂಮಿಯದೂ ಅಲ್ಲ, ಸೂರ್ಯನದೂ ಅಲ್ಲ! 1973ರಲ್ಲಿ ಇಂತಹ 16 ಸ್ಫೋಟಗಳ ವರದಿ ಪ್ರಕಟವಾಯಿತು. ನಮ್ಮ ಆಕಾಶಗಂಗೆಯ ಆಚೆ, ಬಹು ದೂರದಿಂದ ಅವು ಬರುತ್ತವೆಂಬುದು ದೃಢವಾದುದು 1997ರಲ್ಲಿ.

ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಈ ಕಥೆ ಕೇಳಿ ಅಪ್ಪ, "ಬಾಂಬಲ್ಲ ಅಂದಮೇಲೆ ಆ ಕಾಗದ ಯಾಕಪ್ಪಾ ಇಟ್ಕೊಂಡ್ರು?" ಎಂದರು. ಪ್ರಶ್ನೆ ನ್ಯಾಯವಾದುದೇ. ಬಿ.ಎ. ಓದಿ ಏನು ಪ್ರಯೋಜನವೆಂದು ಕೇಳುವ ನೆಂಟರ ದನಿಯೂ ಅದರಲ್ಲಿ ಸ್ವಲ್ಪ ಇತ್ತೆನ್ನಿ. ಆದರೆ ಒಂದು ಕಚೇರಿಯ ಹಳೆಯ ಕಡತಗಳು ತಕ್ಕಡಿಯಲ್ಲಿ ತೂಗಿಸಿಕೊಂಡು ರದ್ದಿಗೆ ಹೋದುದನ್ನು ನಾನು ಕಂಡಿದ್ದೇನೆ. ಬರಗಾಲದ ವರ್ಷಗಳ ಮಳೆಯ ಲೆಕ್ಕ ಅವುಗಳೊಳಗಿತ್ತು. ಉಪಗ್ರಹ ಹಾರಿಸುವಷ್ಟು ಹಣ ನಮ್ಮ ಊರುಗಳಿಗೆ ಬೇಡ. ಒಂದು ಬೀರು, ಅದಕ್ಕೊಬ್ಬ ಜವಾಬ್ದಾರ ಇದ್ದರೆ ಸಾಕಾಗಿತ್ತು. ಇದು ನನ್ನ ದೂರು.

ಈಗ ಈ ಸ್ಫೋಟಗಳಿಗಾಗಿಯೇ ಯಂತ್ರಗಳು ಬಂದಿವೆ. ಗ್ಯಾಮಾ ಕಿರಣ ವಾಯುಮಂಡಲ ದಾಟಿ ನೆಲಕ್ಕಿಳಿಯದು. ಮಸೂರಕ್ಕೂ ಸಾಮಾನ್ಯ ಕನ್ನಡಿಗೂ ಬಗ್ಗದು. 2004ರಲ್ಲಿ ಹಾರಿದ ಸ್ವಿಫ್ಟ್ ಉಪಗ್ರಹದಲ್ಲಿ ಸೀಸದ 50,000ಕ್ಕೂ ಹೆಚ್ಚು ಬಿಲ್ಲೆಗಳನ್ನು ಜಾಲಂಧ್ರದಂತೆ ಹೊಂದಿಸಿ, ಕೆಳಗೆ ಬೀಳುವ ನೆರಳಿನಿಂದ ದಿಕ್ಕನ್ನು ತಿಳಿಯುವ ಉಪಾಯ ಮಾಡಿದರು. 2015ರಲ್ಲಿ ಹಾರಿದ ನಮ್ಮ ಆಸ್ಟ್ರೋಸ್ಯಾಟ್ 500ಕ್ಕೂ ಹೆಚ್ಚು ಸ್ಫೋಟಗಳನ್ನು ಹಿಡಿದಿದೆ. ಅದರ ದಾಖಲೆಗಳನ್ನು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಕಾಪಿಟ್ಟಿದ್ದಾರೆ. 2018ರಿಂದ ಸಾರ್ವಜನಿಕರೂ ಅವನ್ನು ತೆರೆದು ನೋಡಬಹುದಾಗಿದೆ.