ತುರುಗೋಳಿನ ಪಾಠವೂ ಕಲ್ಲಿನ ಚಿತ್ರವೂ

ಐರಿಷ್ ಪುರಾಣಸಾಹಿತ್ಯದ ‘ಟಾನ್ ಬೋ ಕೂಲ್ನ್ಯ’ ಮೂಲತಃ ತುರುಗೋಳಿನ ಕಥನ. ಅದನ್ನೊಳಗೊಂಡ, ಸುಮಾರು ಕ್ರಿ.ಶ. 1100ರ ‘ಲೆಬರ್ ನ ಹೀದ್ರೆ’ ಹಸ್ತಪ್ರತಿಯ ಪುಟಚಿತ್ರಗಳನ್ನು ಡಬ್ಲಿನ್ ಉನ್ನತ ಅಧ್ಯಯನ ಸಂಸ್ಥೆಯೂ, ಕಥನದ ಸಂಪಾದಿತ ಪಾಠವನ್ನು ಕಾರ್ಕ್ ವಿಶ್ವವಿದ್ಯಾಲಯವೂ ಅಂತರಜಾಲದಲ್ಲಿ ಒದಗಿಸಿವೆ. ಸಂಸೆಯಲ್ಲಿದ್ದುಕೊಂಡೇ, ಮಳೆಗಾಲದಲ್ಲಿ ವಿದ್ಯುತ್ತು ಉಳಿದರೆ, ಎರಡನ್ನೂ ಹೋಲಿಸಿ ಓದಬಹುದು.

ಸಮೀಪದ ಕಳಸದ ಶಾಸನಗಳಿಗೆ ನಾವಿಂದೂ ನೆಚ್ಚುವುದು ರೈಸ್ ಅವರ 1901ರ ‘ಎಪಿಗ್ರಾಫಿಯ ಕರ್ನಾಟಿಕ’ 6ನೆಯ ಸಂಪುಟವನ್ನು. ಅದೂ ಅಂತರಜಾಲದಲ್ಲಿದೆ; ಆದರೆ ಅಲ್ಲಿರುವುದು ಬಹುಮಟ್ಟಿಗೆ ಅಚ್ಚಿನ ಪಾಠ. ತ್ರುಟಿತ ಅಕ್ಷರವನ್ನು ಸಂಪಾದಕರು ಕಂಡರೋ, ಊಹಿಸಿದರೋ ಎಂಬುದನ್ನು ಕಲ್ಲಿನ ಚಿತ್ರವಿಲ್ಲದೆ ನಿರ್ಣಯಿಸಲಾಗದು. ತುರುಗೋಳಿನ ವೀರಗಲ್ಲುಗಳಲ್ಲಂತೂ ಅರ್ಧ ಕಥನ ಶಿಲ್ಪದಲ್ಲಿಯೇ ಇರುತ್ತದೆ.

ಬೆಂಗಳೂರು ಸೀಮೆಯ ಶಾಸನಶಿಲೆಗಳ ಮೂರು ಆಯಾಮದ ಪ್ರತಿರೂಪಗಳನ್ನು ಮಿಥಿಕ್ ಸೊಸೈಟಿ ಸಿದ್ಧಪಡಿಸಿದೆ. ಮಲೆನಾಡಿನಲ್ಲಿ ಪಾಚಿ ಅಕ್ಷರಗಳನ್ನು ಮುಚ್ಚುವ ಮೊದಲೇ ಕನ್ನಡ ವಿಭಾಗಗಳು ಈ ಕಾರ್ಯವನ್ನು ಕೈಗೆತ್ತಿಕೊಳ್ಳಬೇಕು.